ನಿಮ್ಮ ಮಾಲು, ಅವರ ಮಾಲು, ಗಿರಾಕಿ ಒಬ್ಬನೇ: ಜೊತೆ ವ್ಯಾಪಾರ ಯಾವ ರೀತಿ ಮಾಡಿದ್ರೆ ಒಳ್ಳೇದು?

ಈಚೆಗೆ ಸುಮಾರು ಜನ ಒಂದೇ ನಮೂನಿ ಪ್ರಶ್ನೆ ಕೇಳ್ತಾ ಇದ್ದಾರೆ. ಯಲ್ಲಾಪುರ ಕಡೆ ಹಲಸಿನ ಹಪ್ಪಳ ಮಾಡೋ ಮಹಿಳಾ ಸಂಘದವ್ರು ಪಕ್ಕದೂರಿನ ಅಪ್ಪೆಮಿಡಿ (ಎಳೇ ಮಾವಿನಕಾಯಿ) ಉಪ್ಪಿನಕಾಯಿಯವ್ರ ಜೊತೆ ಸೇರಿ ಒಂದೇ ಬಾಕ್ಸ್ ಮಾಡಿ ಬೆಂಗ್ಳೂರಿಗೆ ಕಳ್ಸುವ ಯೋಚನೆಲಿ ಇದ್ದಾರೆ. ಗೋಕರ್ಣದ ಹತ್ರ ಹೋಂಸ್ಟೇ ಇಟ್ಟವ್ರೊಬ್ರಿಗೆ ಮುರ್ಡೇಶ್ವರದ ಡೈವಿಂಗ್‌ನವ್ರು, ಟ್ಯಾಕ್ಸಿಯವ್ರು ಇಬ್ರೂ ಸೇರಿ ಪ್ಯಾಕೇಜ್ ಮಾಡುವ ಅಂತ ಬೆನ್ನು ಹತ್ತಿದ್ದಾರೆ. ಶಿರಸಿಲಿ ತೋಟದ ಔಷಧಿ ಅಂಗಡಿ ನಡೆಸೋರಿಗೆ ಔಷಧಿ ಹೊಡೆಯೋ ತಂಡದ ಜೊತೆ ಕೈ ಜೋಡಿಸ್ಬೇಕು ಅಂತ ಇದೆ. ಕಾರವಾರದಲ್ಲಿ ಕೋಕಂ (ಮುರುಗಲು) ಸಿರಪ್ ಮಾಡೋರಿಗೆ ಗಡಿ ಆಚೆ ಗೋವಾದ ಕಾಣಕೋಣದ ಅಂಗಡೀಲಿ ಜಾಗ ಬೇಕು.

ನಾಲ್ಕೂ ಕಡೆ ಸಂಗತಿ ಒಂದೇ. ಇಬ್ರೂ ಎದುರಾಳಿಗಳಲ್ಲ, ಒಬ್ಬರ ಮಾಲು ತಗೊಂಡವ್ನಿಗೆ ಇನ್ನೊಬ್ಬರ ಮಾಲೂ ಬೇಕಾಗ್ತದೆ, ಗಿರಾಕಿ ಇಬ್ರಿಗೂ ಒಬ್ಬನೇ. ಸೇರಿದ್ರೆ ಲಾಭ ಅನ್ನೋದ್ರಲ್ಲಿ ಯಾರಿಗೂ ಅನುಮಾನ ಇಲ್ಲ. ಆದ್ರೆ ಎಷ್ಟು ಸೇರೋದು? ಬಾಯಿಮಾತಲ್ಲಿ ಗಿರಾಕಿ ಕಳ್ಸೋದಾ, ಮಾಲು ಇಟ್ಟು ಮಾರೋದಾ, ಒಂದೇ ಬಿಲ್ ಮಾಡೋದಾ, ಇಬ್ಬರ ಹೆಸ್ರೂ ಲೇಬಲ್ ಮೇಲೆ ಹಾಕೋದಾ, ಸೀದಾ ಪಾರ್ಟ್ನರ್‌ಶಿಪ್ ಮಾಡ್ಕೊಂಬಿಡೋದಾ. ನಾನು ಈ ಉತ್ತರ ಕನ್ನಡ ಜಿಲ್ಲೇಲಿ ಸಣ್ಣ ಉದ್ಯಮದವ್ರ ಲೆಕ್ಕಪತ್ರ ನೋಡ್ಕೊಂಡು ಬಂದವ, ಇಂಥ ಜೊತೆಗಳು ಕೂಡೋದು ಮುರಿಯೋದು ಎರಡೂ ಹತ್ತಿರದಿಂದ ನೋಡಿದ್ದೇನೆ, ಅದಕ್ಕೆ ಗೊತ್ತಿದ್ದಷ್ಟು ಬಿಡಿಸಿ ಬರೀತಾ ಇದ್ದೇನೆ.

ಮೊದ್ಲು ಯಾವುದ್ರ ಮೇಲೆ ಅಳೀಬೇಕು

ಎಲ್ರೂ ಮೊದ್ಲು ಕೇಳೋದು "ನಂಗೆಷ್ಟು, ನಿಂಗೆಷ್ಟು" ಅಂತ. ಪಾಲಿನ ಲೆಕ್ಕ ಬೇಕು, ಇಲ್ಲ ಅನ್ನೋದಿಲ್ಲ, ಆದ್ರೆ ನನ್ನ ಪ್ರಕಾರ ಅದು ಕಡೇ ಪ್ರಶ್ನೆ. ಮೊದಲ ಪ್ರಶ್ನೆ ಬೇರೆ: ಏನಾದ್ರೂ ಕೆಟ್ರೆ, ಕೆಟ್ಟಿದ್ದು ಯಾರ ಕಡೆಯಿಂದ ಅಂತ ಬೇರೆ ಮಾಡಿ ತೋರ್ಸೋಕೆ ಬರ್ತದಾ?

ಶಿರಸಿಯ ಔಷಧಿ ಅಂಗಡಿ ವಿಷಯಾನೇ ತಗೊಳ್ಳಿ. ಮಳೆ ಹಿಡಿಯೋ ಮೊದ್ಲು ಕೊಳೆ ರೋಗ ಬರದ ಹಾಗೆ ಅಡಿಕೆ ಕೊನೆಗೆ (ಗೊಂಚಲಿಗೆ) ಬೋರ್ಡೋ ದ್ರಾವಣ ಹೊಡೀತಾರೆ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ, ಮತ್ತೆ 40-45 ದಿನ ಬಿಟ್ಟು ಇನ್ನೊಂದು ಸಲ. ಮೈಲುತುತ್ತ ಅಂಗಡಿಯವ್ರದ್ದು, ಸುಣ್ಣ ಇನ್ನೆಲ್ಲಿಂದ್ಲೋ, ಮರ ಹತ್ತಿ ಹೊಡೆಯೋ ಕೊನೆಗೌಡ ಬೇರೆ, ಇಲ್ಲಾ ನೆಲದ ಮೇಲೆ ನಿಂತು ಉದ್ದ ಕೋಲಿನ ದೋಟಿಯಿಂದ ಹೊಡೆಯೋ ತಂಡದವ್ರು ಬೇರೆ. ಆಗಸ್ಟಲ್ಲಿ ಕೊಳೆ ಬಂತು, ಮರದ ಬುಡದಲ್ಲಿ ಹಸಿ ಕಾಯಿ ಬಿಳಿ ಬೂಸ್ಟು ಹಿಡ್ಕೊಂಡು ರಾಶಿ ಬಿದ್ದಿದೆ ಅಂತಿಟ್ಕೊಳ್ಳಿ. ತೋಟದವ್ರು ಅಂಗಡಿಗೆ ಬಂದ್ರೆ ಅಂಗಡಿಯವ್ರು "ಹೊಡೆದವ್ರು ಕೊನೆಗೆ ಸಮಾ ತಾಗ್ಸಲಿಲ್ಲ" ಅಂತಾರೆ, ತಂಡದವ್ರ ಹತ್ರ ಹೋದ್ರೆ "ಮೈಲುತುತ್ತ ಸಮ ಇರ್ಲಿಲ್ಲ, ಸುಣ್ಣಕ್ಕೆ ಕಸುವಿಲ್ಲ" ಅಂತಾರೆ, ಇಬ್ರೂ ಸೇರಿ ಕಡೆಗೆ ಮಳೆ ಮೇಲೆ ಹಾಕ್ತಾರೆ. ಯಾರು ಸುಳ್ಳು ಹೇಳ್ತಾ ಇದ್ದಾರೆ ಅಂತ ಅಲ್ಲ, ಇಬ್ರಿಗೂ ನಿಜವಾಗಿ ಗೊತ್ತಿರೋದಿಲ್ಲ. ಇಂಥ ಕಡೆ ಬಾಯಿಮಾತಿನ ಜೊತೆ ಒಂದು ಮಳೆಗಾಲಾನೂ ದಾಟೋದಿಲ್ಲ.

ಅದೇ ಹೋಂಸ್ಟೇ ಮತ್ತೆ ಡೈವಿಂಗ್ ನೋಡಿ. ರೂಮಲ್ಲಿ ಬಿಸಿನೀರು ಬರ್ಲಿಲ್ಲ ಅಂದ್ರೆ ಅದು ಹೋಂಸ್ಟೇಯವ್ರದ್ದು, ಬೋಟು ತಡ ಆಯ್ತು ಅಂದ್ರೆ ಬೋಟಿನವ್ರದ್ದು. ಗಿರಾಕಿಗೇ ಗೊತ್ತಾಗ್ತದೆ. ಇಂಥ ಕಡೆ ಹಗುರ ಸಂಬಂಧ ಸಾಕು, ಹೆಚ್ಚು ಗಂಟು ಹಾಕೋದು ಬೇಡ. ಈ ಒಂದು ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಸಿಕ್ರೆ ಅರ್ಧ ತೀರ್ಮಾನ ಆದ ಹಾಗೆ.

ಎರಡನೇದು, ದುಡ್ಡು ಯಾರದ್ದು ಎಷ್ಟು ದಿನ ಸಿಕ್ಕಿ ಬೀಳ್ತದೆ ಅನ್ನೋದು. ಮೂರನೇದು ಸೀಸನ್. ನಮ್ಮ ಜಿಲ್ಲೇಲಿ ಇದನ್ನ ಬಿಟ್ಟು ಲೆಕ್ಕ ಹಾಕ್ಲಿಕ್ಕೇ ಬರೋದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ 61 ದಿನ ಬಂದ್, ಮಳೆಗಾಲಕ್ಕೆ ನೇತ್ರಾಣಿ ದ್ವೀಪದ ಕಡೆ ಡೈವಿಂಗ್ ಬೋಟೂ ಹೋಗೋದಿಲ್ಲ, ಆದ್ರೆ ಅದೇ ಹೊತ್ತಿಗೆ ಘಟ್ಟದ ಮೇಲೆ ಜಲಪಾತ ನೋಡೋಕೆ ಜನ ಬರ್ತಾರೆ. ಹಲಸು ಬೇಸಿಗೇಲಿ, ಅಪ್ಪೆಮಿಡಿ ಅದ್ಕಿಂತ ಸ್ವಲ್ಪ ಮೊದ್ಲು, ಅಡಿಕೆ ದುಡ್ಡು ಕೈಗೆ ಬರೋದು ಕೊಯ್ಲಾಗಿ ಒಣಗಿ ಮಾರಿದ ಮೇಲೆ. ಇಬ್ಬರ ಸೀಸನ್ನೂ ಒಂದೇ ಆದ್ರೆ ಒಟ್ಟಿಗೆ ದುಡೀಬಹುದು, ಒಟ್ಟಿಗೇ ಖಾಲಿ ಕೂರ್ಬೇಕು. ಬೇರೆ ಬೇರೆ ಆದ್ರೆ ಒಬ್ಬರ ಖಾಲಿ ದಿನಕ್ಕೆ ಇನ್ನೊಬ್ರು ಆಸರೆ ಆಗ್ತಾರೆ.

ಕಡೇದು, ಬಿಟ್ಟು ಹೋಗೋದು ಎಷ್ಟು ಸಲೀಸು. ನೆಂಟಸ್ತನದ ಊರು ನಮ್ದು, ಎದ್ರು ಬದ್ರು ಮನೆಯವ್ರೇ ಜೊತೆ ವ್ಯಾಪಾರ ಮಾಡ್ತಾರೆ, ವ್ಯಾಪಾರ ಮುರಿದ್ರೆ ಮದುವೆ ಮುಂಜಿಗೂ ಮುಖ ನೋಡದ ಹಾಗೆ ಆಗ್ತದೆ. ಹಾಗಾಗಿ ಹೊರಗೆ ಬರೋ ದಾರಿ ಮೊದ್ಲೇ ಮಾತಾಡಿ ಇಟ್ಕೊಳ್ಳೋದು ಅಪನಂಬಿಕೆ ಅಲ್ಲ.

ಗಿರಾಕಿ ಕಳ್ಸೋದು, ಕಮಿಷನ್ ತಗೊಳ್ಳೋದು

ಇದಕ್ಕಿಂತ ಹಗುರದ್ದು ಇಲ್ಲ. ನಿಮ್ಮ ಗೆಸ್ಟಿಗೆ ಟ್ಯಾಕ್ಸಿ ಬೇಕು, ನೀವು ಒಂದು ನಂಬರ್ ಕೊಡ್ತೀರಿ, ಬಿಲ್ಲು ಅವ್ರದ್ದು, ದುಡ್ಡು ಅವ್ರಿಗೆ, ಜವಾಬ್ದಾರಿ ಅವ್ರದ್ದು. ಖರ್ಚು ಸೊನ್ನೆ. ಶುರು ಮಾಡೋಕೆ ಒಂದು ಫೋನ್ ಸಾಕು, ಬಿಡೋಕೂ ಅಷ್ಟೇ.

ಕಮಿಷನ್ ಇಟ್ಕೊಳ್ಬೇಕಾ ಬೇಡ್ವಾ ಅಂತ ಸುಮಾರು ಜನಕ್ಕೆ ಗೊಂದಲ. ಕುಮಟಾ ಕಡೆ ಒಬ್ರು ಹೋಂಸ್ಟೇಯವ್ರ ಮಾತು ನಂಗೆ ಬಹಳ ಹಿಡಿಸ್ತು. ಟ್ಯಾಕ್ಸಿಯವ "ಭಾವ, ಟ್ರಿಪ್ಪಿಗೆ ನಿಂಗೆ ಎಷ್ಟು ಬಿಡ್ಬೇಕು ಹೇಳು" ಅಂದಿದ್ದಕ್ಕೆ ಅವ್ರು "ಎಂತದೂ ಬ್ಯಾಡ ಮಾರಾಯ, ನನ್ನ ಗೆಸ್ಟ್ ರೈಲು ಇಳಿದು ಸ್ಟೇಷನ್ನಲ್ಲಿ ಕಾಯೋ ಹಾಗೆ ಮಾಡ್ಬೇಡ, ಅಷ್ಟೇ ಸಾಕು" ಅಂದ್ರು. ಅವ್ರಿಗೆ ಬೇಕಾಗಿದ್ದು ನೂರಿನ್ನೂರು ರೂಪಾಯಿ ಅಲ್ಲ, ಗೆಸ್ಟ್ ಬರೆಯೋ ರಿವ್ಯೂ. ನಿಮ್ಮ ಮುಖ್ಯ ವ್ಯಾಪಾರದ ಹೆಸರಿಗೆ ಇನ್ನೊಬ್ಬರ ಸೇವೆಯಿಂದ ಲಾಭ ಆಗ್ತದೆ ಅಂದ್ರೆ ಕಮಿಷನ್ ಬಿಡೋದೇ ಒಳ್ಳೇದು, ಆಗ ನಾಳೆ ಟ್ಯಾಕ್ಸಿ ಸರಿ ಇಲ್ಲ ಅನ್ಸಿದ್ರೆ ಬದಲಾಯ್ಸೋ ಸ್ವಾತಂತ್ರ್ಯ ನಿಮ್ಮ ಕೈಲೇ ಇರ್ತದೆ. ಕಮಿಷನ್ ಶುರುವಾದ್ರೆ ಒಳ್ಳೆ ಡ್ರೈವರ್ ಯಾರು ಅಂತ ನೋಡೋ ಕಣ್ಣು ಹೋಗಿ ಹೆಚ್ಚು ಕೊಡೋರು ಯಾರು ಅಂತ ನೋಡೋ ಕಣ್ಣು ಬರ್ತದೆ, ಗೆಸ್ಟಿಗೂ ಅದು ಗೊತ್ತಾಗ್ತದೆ.

ಕಮಿಷನ್ ದೊಡ್ಡ ಮೊತ್ತ ಆಗೋ ಕಡೆ, ಉದಾಹರಣೆಗೆ ಪಂಪ್ ಅಂಗಡಿಯವ್ರು ಸೋಲಾರ್ ಕಂಪನಿಗೆ ಗಿರಾಕಿ ಕಳ್ಸೋವಾಗ, ತಗೊಳ್ಳಿ, ಅಡ್ಡಿಲ್ಲ, ಆದ್ರೆ ಬಿಲ್ ಮಾಡಿ ತಗೊಳ್ಳಿ. ಒಬ್ಬರಿಗೆ ವರ್ಷಕ್ಕೆ 20,000 ದಾಟಿ ಕಮಿಷನ್ ಕೊಟ್ರೆ ಕೊಡೋರು 2% ಟಿಡಿಎಸ್ (ಕೊಡೋವಾಗ್ಲೇ ಮುರ್ಕೊಳ್ಳೋ ಆದಾಯ ತೆರಿಗೆ) ಹಿಡೀಬೇಕು. ಕೊಡೋರು ಕಂಪನಿ ಅಥವಾ ಫರ್ಮ್ ಆದ್ರೆ ತಪ್ಪೋದಿಲ್ಲ, ಸ್ವಂತ ಹೆಸ್ರಲ್ಲಿ ವ್ಯಾಪಾರ ಮಾಡೋರಿಗೆ ಹಿಂದಿನ ವರ್ಷದ ವಹಿವಾಟು 1 ಕೋಟಿ ದಾಟಿದ್ರೆ ಮಾತ್ರ. ಯಾವಾಗ ಕಮಿಷನ್ ಹುಟ್ತದೆ ಅಂತಾನೂ ಬರ್ಕೊಳ್ಳಿ, ಗಿರಾಕಿ ವಿಚಾರಿಸಿದ್ರೆ ಸಾಕಾ, ಅಡ್ವಾನ್ಸ್ ಕೊಟ್ಟಾಗ್ಲಾ, ಪೂರ್ತಿ ದುಡ್ಡು ಬಂದ ಮೇಲಾ. ಜಗಳ ಆಗೋದು ಪರ್ಸೆಂಟಿಗಲ್ಲ, ಇದಕ್ಕೇ.

ಮಾಲು ಇಟ್ಟು ಮಾರೋದು

ಕೋಕಂ ಸಿರಪ್, ಜೇನುತುಪ್ಪ, ಜೋನಿಬೆಲ್ಲ, ಹಪ್ಪಳ, ಇಂಥದ್ದಕ್ಕೆಲ್ಲ ಇದೇ ದಾರಿ. ಹೋಟ್ಲಿನ ಕೌಂಟರ್ ಮೇಲೋ ಹೋಂಸ್ಟೇ ಜಗಲಿ ಮೇಲೋ ಸೂಪರ್ ಮಾರ್ಕೆಟ್ಟಿನ ಶೆಲ್ಫಲ್ಲೋ ಜಾಗ ಸಿಕ್ತದೆ. ಇದ್ರಲ್ಲಿ ಎರಡು ನಮೂನಿ. ಒಂದು, ಅಂಗಡಿಯವ್ರು ಖರೀದಿ ಮಾಡಿ ಇಟ್ಕೊಳ್ಳೋದು. ಇನ್ನೊಂದು, ಮಾಲು ನಿಮ್ದೇ, ಹೋದಷ್ಟಕ್ಕೆ ದುಡ್ಡು, ಉಳಿದದ್ದು ವಾಪಸ್.

ಒಂದು ಲೆಕ್ಕ ಹಾಕಿ ನೋಡುವ. ಬಾಟ್ಲಿಗೆ ಎಂಆರ್‌ಪಿ 200 ಅಂತಿಟ್ಕೊಳ್ಳಿ. ಇಟ್ಟು ಮಾರೋದಾದ್ರೆ ಅಂಗಡಿಯವ್ರು 25% ಹಿಡೀತಾರೆ, ನಿಮ್ಗೆ 150. ಖರೀದಿನೇ ಮಾಡೋದಾದ್ರೆ ಅವ್ರು 130ಕ್ಕೆ ಕೇಳ್ತಾರೆ, ಯಾಕಂದ್ರೆ ಹೋಗ್ದೇ ಇದ್ರೆ ನಷ್ಟ ಅವ್ರದ್ದು. 60 ಬಾಟ್ಲಿ ಕೊಟ್ರಿ. ಖರೀದಿಲಿ 7,800 ಖಾತ್ರಿ. ಇಟ್ಟು ಮಾರೋದ್ರಲ್ಲಿ ಪೂರ್ತಿ ಹೋದ್ರೆ 9,000, ಆದ್ರೆ 7,800 ಮುಟ್ಟೋಕೇ 52 ಬಾಟ್ಲಿ ಹೋಗ್ಬೇಕು. ಅಂದ್ರೆ ಅರವತ್ರಲ್ಲಿ ಎಂಟಕ್ಕಿಂತ ಹೆಚ್ಚು ಉಳಿಯೋ ಅಂಗಡಿ ಆದ್ರೆ ಖರೀದಿಗೇ ಕೊಡೋದು ಲಾಭ, ಬಾಟ್ಲಿಗೆ 20 ರೂಪಾಯಿ ಕಮ್ಮಿ ಬಂದ್ರೂ ಸಹ. ಈ ಲೆಕ್ಕ ನಿಮ್ಮ ರೇಟಿಗೆ ಹಾಕಿ ನೋಡಿ, ಬಹಳ ಜನ ಹಾಕೋದಿಲ್ಲ, ಪರ್ಸೆಂಟ್ ಹೆಚ್ಚು ಕಾಣ್ತದೆ ಅಂತ ಇಟ್ಟು ಬರ್ತಾರೆ.

ವಾಪಸ್ ಬಂದ ಬಾಟ್ಲಿ ಹೋದ ಬಾಟ್ಲಿ ತರ ಇರೋದಿಲ್ಲ ಅನ್ನೋದೂ ಲೆಕ್ಕಕ್ಕೆ ಹಿಡೀಬೇಕು. ಕೋಕಂ ಬಣ್ಣ ಬಿಸಿಲಿಗೆ ನಿಲ್ಲೋದಿಲ್ಲ. ಹೈವೇ ಬದಿ ಅಂಗಡೀಲಿ ಪಡುವಣ ಬಿಸಿಲು ಬೀಳೋ ಗಾಜಿನ ಶೆಲ್ಫಲ್ಲಿ ಇಟ್ಟಿದ್ದು ವಾಪಸ್ ಬಂದಾಗ ನೋಡಿದ್ದೇನೆ, ಬಾಟ್ಲಿಯ ಒಂದು ಮಗ್ಗುಲು ದಟ್ಟ ಕೆಂಪು ಇದ್ದದ್ದು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ಲೇಬಲ್ ಅಂಚು ಎದ್ದು ಸುರುಳಿ ಸುತ್ತಿತ್ತು, ಮುಚ್ಚಳದ ಸುತ್ತ ಸಕ್ಕರೆ ಪಾಕ ಗಟ್ಟಿಯಾಗಿ ಧೂಳು ಹಿಡಿದಿತ್ತು. ಒಳಗಿನ ಸಿರಪ್ ಕುಡಿಯೋಕೆ ಅಡ್ಡಿ ಇರ್ಲಿಲ್ಲ, ಆದ್ರೆ ಅದನ್ನ ಇನ್ನೊಂದು ಅಂಗಡಿಗೆ ಕೊಡೋಕೆ ಬರೋದಿಲ್ಲ. ಹಂಗಾಗಿ ಇಟ್ಟು ಮಾರೋದಾದ್ರೆ ಎಲ್ಲಿ ಇಡ್ತಾರೆ ಅನ್ನೋದನ್ನೂ ಮಾತಾಡಿ, ಹದಿನೈದು ದಿನಕ್ಕೊಮ್ಮೆ ನೀವೇ ಹೋಗಿ ಎಣಿಸಿ ಬನ್ನಿ.

ಉದ್ರಿ ವಿಷಯ. ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಮಾಡ್ಸಿರೋ ಮೈಕ್ರೋ ಅಥವಾ ಸಣ್ಣ ತಯಾರಕರಿಗೆ 2006ರ ಎಂಎಸ್‌ಎಂಇಡಿ (ಸಣ್ಣ ಉದ್ದಿಮೆಗಳ) ಕಾಯ್ದೆ ಪ್ರಕಾರ ಖರೀದಿ ಮಾಡಿದವ್ರು ಬರೆದ ಒಪ್ಪಂದ ಇದ್ರೂ 45 ದಿನ ದಾಟಿ ಎಳೆಯೋ ಹಾಗಿಲ್ಲ, ಒಪ್ಪಂದ ಇಲ್ದಿದ್ರೆ 15 ದಿನ. ತಡ ಆದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ. ನೋಂದಣಿ ಫ್ರೀ, ಆನ್‌ಲೈನಲ್ಲಿ ಆಗ್ತದೆ, ಇನ್ನೂ ಮಾಡ್ಸದೇ ಇರೋರು ದಯವಿಟ್ಟು ಮಾಡ್ಸಿ. ಬರೀ ತಂದು ಮಾರೋ ವ್ಯಾಪಾರಿಗಳಿಗೆ ಈ ಬಾಕಿ ವಸೂಲಿ ರಕ್ಷಣೆ ಇಲ್ಲ, ತಯಾರಿಸೋರಿಗೆ, ಸೇವೆ ಕೊಡೋರಿಗೆ ಇದೆ. ಇಟ್ಟು ಮಾರೋ ಲೆಕ್ಕದಲ್ಲಿ ಮಾಲು ಹೋಗೋವರೆಗೆ ಬಾಕಿ ಅನ್ನೋದೇ ಹುಟ್ಟೋದಿಲ್ಲ, ಹಾಗಾಗಿ ಅಲ್ಲಿ ಈ ಆಯುಧ ಕೈಲಿ ಇರೋದಿಲ್ಲ. ಇನ್ನು ಜಿಎಸ್‌ಟಿ ಇರೋರು ಮಾರಾಟ ಅಥವಾ ವಾಪಸ್ ಅಂತ ಮಾಲು ಕಳ್ಸಿದ್ರೆ 6 ತಿಂಗಳೊಳಗೆ ಬಿಲ್ ಆಗ್ಬೇಕು ಅನ್ನೋದು ನೆನಪಿರ್ಲಿ.

ಒಂದೇ ಬಾಕ್ಸ್, ಒಂದೇ ಬಿಲ್

ಎಲ್ರಿಗೂ ಆಸೆ ಇರೋದು ಇದ್ರ ಮೇಲೇ, ಹಾಗಾಗಿ ಸ್ವಲ್ಪ ನಿಧಾನ ಬರೀತೇನೆ.

ಲಾಭ ಖರೆ ಇದೆ. ಹಪ್ಪಳ ಒಂದೇ ಕೊರಿಯರ್ ಮಾಡಿದ್ರೆ ಮಾಲಿನ ರೇಟಿಗೂ ಕೊರಿಯರ್ ಖರ್ಚಿಗೂ ತಾಳ ಬೀಳೋದಿಲ್ಲ, ಉಪ್ಪಿನಕಾಯಿ, ಜೇನು ಸೇರಿದ್ರೆ ಅದೇ ಕೊರಿಯರ್ ದುಡ್ಡು ಮೂರು ಮಾಲಿಗೆ ಹಂಚಿ ಹೋಗ್ತದೆ. ಉಡುಗೊರೆ ಕೊಡೋರಿಗೂ ಒಂದು ಬಾಕ್ಸ್ ಅಂದ್ರೆ ಚಂದ ಕಾಣ್ತದೆ. ಆದ್ರೆ ಒಂದೇ ಬಿಲ್ ಆದ ಕೂಡ್ಲೆ ಗಿರಾಕಿ ಕಣ್ಣಲ್ಲಿ ನೀವಿಬ್ರೂ ಒಬ್ಬರೇ.

ಒಂದು ಪಾರ್ಸೆಲ್ಲಿನ ಫೋಟೋ ನಂಗೆ ತೋರ್ಸಿದ್ರು. ಉಪ್ಪಿನಕಾಯಿ ಬಾಟ್ಲಿಯ ಮುಚ್ಚಳ ದಾರಿಲಿ ಸಡ್ಲ ಆಗಿ ಖಾರದ ರಸ ಪೂರ್ತಿ ಕೆಳಗೆ ಇಳಿದಿತ್ತು, ಕೆಳಗಿದ್ದ ಹಪ್ಪಳದ ಕಟ್ಟು ತೆಳು ಪ್ಲಾಸ್ಟಿಕ್ಕಲ್ಲಿ ಕಟ್ಟಿದ್ದು, ಅಂಚಿಂದ ರಸ ಒಳಗೆ ಹೀರ್ಕೊಂಡು ಹಪ್ಪಳ ಒಂದಕ್ಕೊಂದು ಅಂಟಿ ಕೆಂಪು ಬಿಲ್ಲೆ ಆಗಿತ್ತು. ಉಪ್ಪಿನಕಾಯಿಯವ್ರು "ನಮ್ಮ ಬಾಟ್ಲಿ ಅಂಗಡೀಲಿ ಒಂದೂ ಸೋರಿಲ್ಲ, ಮಲಗ್ಸಿ ಇಟ್ಟಿದ್ದು ನೀವು" ಅಂದ್ರು. ಹಪ್ಪಳದವ್ರು "ನಮ್ಮ ಹಪ್ಪಳ ಸರಿನೇ ಇತ್ತಲ್ಲ" ಅಂದ್ರು. ಇಬ್ಬರ ಮಾತೂ ಸರಿ, ಗಿರಾಕಿಗೆ ದುಡ್ಡು ಯಾರು ವಾಪಸ್ ಕೊಡ್ಬೇಕು ಅಂತ ಮಾತ್ರ ಎಲ್ಲೂ ಬರೆದಿರ್ಲಿಲ್ಲ. ಅದಕ್ಕೆ ನಾನು ಹೇಳೋದು, ಬಾಕ್ಸ್ ಕಟ್ಟೋರು ಒಬ್ಬರೇ ಇರ್ಲಿ, ಇನ್ನೊಬ್ಬರಿಂದ ಅವ್ರು ಮಾಲು ಖರೀದಿ ಮಾಡ್ಲಿ, ಕಟ್ಟಿದ ಮೇಲೆ ಏನೇ ಆದ್ರೂ ಕಟ್ಟಿದವ್ರದ್ದೇ ಹೊಣೆ, ಅದಕ್ಕೆ ಅವ್ರಿಗೆ ಬಾಕ್ಸಿಗೆ ಇಷ್ಟು ಅಂತ ಹೆಚ್ಚಿನ ಪಾಲು. ಅರ್ಧ ಅರ್ಧ ಅನ್ನೋದು ಕೇಳೋಕೆ ನ್ಯಾಯ ಅನ್ಸ್ತದೆ, ಆದ್ರೆ ಹೊಣೆ ಅರ್ಧ ಅರ್ಧ ಮಾಡೋಕೆ ಬರೋದಿಲ್ಲ.

ತೆರಿಗೆದು ಒಂದು ಸೂಕ್ಷ್ಮ ಇದೆ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಉಪ್ಪಿನಕಾಯಿಗೆ ಇದೆ. ನೋಂದಣಿ ಇರೋರು ಎರಡನ್ನೂ ಸೇರಿಸಿ ಒಂದೇ ರೇಟಿಗೆ ಮಾರಿದ್ರೆ ಒಳಗಿರೋದ್ರಲ್ಲಿ ಯಾವುದಕ್ಕೆ ಹೆಚ್ಚು ತೆರಿಗೆನೋ ಅದೇ ದರ ಇಡೀ ಬಾಕ್ಸಿಗೆ ಬೀಳ್ತದೆ. ಹೊರಡಬ್ಬಿ ಮೇಲೂ ಒಳಗೆ ಎಂತೆಂತ ಇದೆ, ಎಷ್ಟೆಷ್ಟು ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದವ್ರ ಹೆಸ್ರು ವಿಳಾಸ ಎಲ್ಲ ಬರ್ಬೇಕು, ಪ್ಯಾಕ್ ಮಾಡೋರಿಗೂ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ) ನಂಬರ್ ಬೇಕು. ಬಾಕ್ಸಿನ ಆಯುಷ್ಯ ಅಂದ್ರೆ ಒಳಗೆ ಮೊದ್ಲು ಹಾಳಾಗೋ ಮಾಲಿನ ಆಯುಷ್ಯ. ಚಂದ ಅಂತ ತೊಡೆದೇವು (ಕಾಗದದಷ್ಟು ತೆಳು ಸಿಹಿತಿಂಡಿ) ಸೇರ್ಸೋರು ಇದ್ದಾರೆ, ಅದು ಕೊರಿಯರಲ್ಲಿ ಪುಡಿ ಆಗಿ ಮುಟ್ತದೆ, ಬೇಡ.

ಪ್ರವಾಸದ ಪ್ಯಾಕೇಜಿಗೂ ಇದೇ ಮಾತು, ಸ್ವಲ್ಪ ಹೆಚ್ಚೇ ಜೋರಾಗಿ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದು ಎಷ್ಟೋ ಮನೆಯವ್ರು ತಮ್ಮವ್ರನ್ನ ಕಳ್ಕೊಂಡ್ರು, ಹೈವೇ 66 ಬಂದಾಯ್ತು. ಅದೇ ಆಗಸ್ಟಲ್ಲಿ ಕಾರವಾರದ ಕಾಳಿ ಹಳೇ ಸೇತುವೆ ಬಿತ್ತು. ಇಂಥ ಹೊತ್ತಲ್ಲಿ ರೂಮು ಸರಿ ಇದೆ, ಟ್ಯಾಕ್ಸಿನೂ ಸರಿ ಇದೆ, ಆದ್ರೆ ಗೆಸ್ಟ್ ಬರೋಕಾಗೋದಿಲ್ಲ, ಅಡ್ವಾನ್ಸ್ ವಾಪಸ್ ಕೇಳ್ತಾರೆ. ಬಿಲ್ ನಿಮ್ಮ ಹೆಸ್ರಲ್ಲಿ ಇದ್ರೆ ಕೇಳೋದು ನಿಮ್ಮನ್ನೇ, 2019ರ ಗ್ರಾಹಕರ ರಕ್ಷಣಾ ಕಾಯ್ದೆ ಪ್ರಕಾರ ಅವ್ರು ತಮ್ಮ ಊರಿನ ಆಯೋಗದಲ್ಲೇ ದೂರು ಕೊಡಬಹುದು, ಬೆಂಗ್ಳೂರಿನವ್ರು ಬೆಂಗ್ಳೂರಲ್ಲೇ. ನೀವು ಬೋಟಿನವ್ರಿಗೆ ಮುಂಗಡ ಕೊಟ್ಟಾಗಿದೆ ಅನ್ನೋದು ಅವ್ರಿಗೆ ಸಂಬಂಧ ಇಲ್ಲ. ಪ್ಯಾಕೇಜ್ ಮಾಡೋದೇ ಆದ್ರೆ ರಸ್ತೆ ಬಂದ್, ರೆಡ್ ಅಲರ್ಟ್, ಬೋಟ್ ಬಿಡದ ದಿನ, ಇವಕ್ಕೆ ಯಾರ್ಯಾರು ಎಷ್ಟೆಷ್ಟು ವಾಪಸ್ ಅಂತ ಮೂರೂ ಜನ ಸಹಿ ಹಾಕಿದ ಒಂದು ಹಾಳೆ ಇರ್ಲಿ.

ಇನ್ನು ತಪ್ಪು ಬೇರೆ ಮಾಡೋಕೆ ಬಾರದ ಕಡೆ, ಕೊಳೆ ಔಷಧಿ ತರದ್ದು, ಒಂದೇ ಬಿಲ್ ಬಿಟ್ಟು ಬೇರೆ ದಾರಿ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಅಂಗಡಿಯವ್ರೇ ಮೈಲುತುತ್ತ, ಸುಣ್ಣ, ಹೊಡೆಯೋ ಕೂಲಿ ಎಲ್ಲ ಸೇರಿಸಿ ತೋಟದವ್ರಿಗೆ ಒಂದೇ ರೇಟ್ ಹೇಳ್ಲಿ, ತಂಡಕ್ಕೆ ಅವ್ರು ಕೊಡ್ಲಿ. ಜೊತೆಗೆ ಒಂದು ಅಭ್ಯಾಸ ಇಟ್ಕೊಳ್ಳಿ: ಹದ ಮಾಡಿದ ಬೋರ್ಡೋಗೆ ತೋಟದವ್ರ ಎದ್ರೇ ಕಬ್ಬಿಣದ ಚಾಕು ಅದ್ದಿ ತೆಗೀರಿ, ಚಾಕುಗೆ ಕೆಂಪಗೆ ತಾಮ್ರ ಹಿಡಿದ್ರೆ ಸುಣ್ಣ ಸಾಲದು, ಇನ್ನಷ್ಟು ಹಾಕ್ಬೇಕು, ಹಿಡೀದಿದ್ರೆ ಹದ ಸರಿ. ಆ ಚಾಕುದು ಒಂದು ಫೋಟೋ ತೆಗೆದು ಇಟ್ಕೊಂಡ್ರೆ ಹದ ಸರಿ ಇತ್ತು ಅನ್ನೋದು ಅಲ್ಲಿಗೆ ತೀರ್ಮಾನ, ಮುಂದಿನ ಕೆಲಸ ಹೊಡೆಯೋರದ್ದು. ಬೇರೆ ವ್ಯಾಪಾರದಲ್ಲೂ ಇಂಥ ಒಂದು ಚಾಕು ಹುಡ್ಕೋಕೆ ಬರ್ತದಾ ನೋಡಿ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗೋ ಜಾಗದಲ್ಲಿ ಒಂದು ಪರೀಕ್ಷೆ. ಬಿಲ್ಲಿಂಗ್ ಮಷಿನ್ ಮಾರೋರು, ಸಾಫ್ಟ್‌ವೇರ್ ಹಾಕೋರು ಬೇರೆ ಬೇರೆ ಇರೋ ಕಡೇಲೂ ಇದೇ ಕಥೆ, ಹಾಕಿ ಕೊಟ್ಟ ದಿನ ಹತ್ತು ಬಿಲ್ ಹೊಡೆದು ತೋರ್ಸಿ ಅಂಗಡಿಯವ್ರ ಸಹಿ ತಗೊಂಡ್ರೆ ಮುಂದಿನ ಫೋನ್ ಯಾರಿಗೆ ಅಂತ ಗೊತ್ತಾಗ್ತದೆ.

ಎರಡೂ ಹೆಸ್ರು ಒಂದು ಲೇಬಲ್ಲಲ್ಲಿ

ಇದು ಎಲ್ರಿಗೂ ಬೇಡ. ಇಬ್ಬರಿಗೂ ಆಗ್ಲೇ ಹೆಸ್ರಿದ್ರೆ ಮಾತ್ರ ಅರ್ಥ ಇದೆ. ಒಬ್ಬರಿಗೆ ಹೆಸ್ರಿದ್ದು ಇನ್ನೊಬ್ಬರಿಗೆ ಇಲ್ದಿದ್ರೆ ಅದು ಒಬ್ಬರ ಹೆಸ್ರು ಇನ್ನೊಬ್ರು ಬಳಸೋದು ಆಗ್ತದೆ, ಹಾಗಂತಾನೇ ಒಪ್ಪಂದ ಮಾಡಿ, ಎಷ್ಟು ವರ್ಷ, ಯಾವ ಮಾಲಿಗೆ, ಗುಣಮಟ್ಟ ಯಾರು ನೋಡ್ತಾರೆ ಅಂತ. ಅದಕ್ಕೂ ಮೊದ್ಲು ಸ್ವಂತ ಹೆಸ್ರಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿ, ವ್ಯಕ್ತಿ ಅಥವಾ ಸಣ್ಣ ಉದ್ಯಮಕ್ಕೆ ಆನ್‌ಲೈನಲ್ಲಿ ಒಂದು ವರ್ಗಕ್ಕೆ 4,500 ಸರ್ಕಾರಿ ಶುಲ್ಕ. ಶಿರಸಿ ಸುಪಾರಿ, ಅಂಕೋಲಾದ ಕರಿ ಇಶಾಡು ಮಾವು ಇವಕ್ಕೆ ಜಿಐ (ಊರಿನ ಹೆಸ್ರಿನ ಗುರುತು) ಇದೆ, ಆ ಹೆಸ್ರು ಲೇಬಲ್ ಮೇಲೆ ಬಳಸ್ಬೇಕಂದ್ರೆ ಅಧಿಕೃತ ಬಳಕೆದಾರ ಅಂತ ನೋಂದಣಿ ಆಗಿರ್ಬೇಕು, ನಿಮ್ಮ ಜೊತೆಯವ್ರಿಗೆ ಆ ನೋಂದಣಿ ಇದೆ ಅಂತ ನೀವು ಹಾಕೋ ಹಾಗಿಲ್ಲ.

ಪಾರ್ಟ್ನರ್‌ಶಿಪ್, ಎಲ್‌ಎಲ್‌ಪಿ

ಒಟ್ಟಿಗೆ ಮಷಿನ್ ತಗೊಳ್ಬೇಕು, ಗೋಡೌನ್ ಕಟ್ಬೇಕು, ಸಾಲ ಮಾಡ್ಬೇಕು ಅನ್ನೋವಾಗ ಮಾತ್ರ ಇದ್ರ ಯೋಚನೆ ಮಾಡಿ. ಬರೀ ಒಬ್ಬರ ಮಾಲು ಇನ್ನೊಬ್ರು ಮಾರೋಕೆ ಪಾರ್ಟ್ನರ್ ಆಗ್ಬೇಕಾಗಿಲ್ಲ.

1932ರ ಪಾಲುದಾರಿಕೆ ಕಾಯ್ದೆ ಪ್ರಕಾರ ಫರ್ಮ್ ಹೆಸ್ರಲ್ಲಿ ಒಬ್ರು ಮಾಡಿದ ವ್ಯವಹಾರಕ್ಕೆ ಎಲ್ಲ ಪಾಲುದಾರರೂ ಹೊಣೆ, ಫರ್ಮಿನ ಸಾಲಕ್ಕೆ ನಿಮ್ಮ ಸ್ವಂತ ಆಸ್ತಿ ತೋಟ ಮನೆವರೆಗೂ ಬರಬಹುದು. ಪತ್ರದಲ್ಲಿ ಏನೂ ಬರೀದಿದ್ರೆ ಲಾಭ ನಷ್ಟ ಸಮಸಮ, ಒಬ್ಬರು ಹಗಲಿಡೀ ದುಡಿದು ಇನ್ನೊಬ್ರು ಬರೀ ದುಡ್ಡು ಹಾಕಿದ್ರೂ ಸಮಸಮ, ದುಡಿದವ್ರಿಗೆ ಸಂಬಳಾನೂ ಇಲ್ಲ. ಫರ್ಮ್ ನೋಂದಣಿ ಕಡ್ಡಾಯ ಅಲ್ಲ, ಆದ್ರೆ ಮಾಡ್ಸದಿದ್ರೆ ಬಾಕಿ ಇಟ್ಕೊಂಡವ್ರ ಮೇಲೆ ಫರ್ಮ್ ಹೆಸ್ರಲ್ಲಿ ದಾವೆ ಹಾಕೋಕೆ ಬರೋದಿಲ್ಲ. ಎಲ್‌ಎಲ್‌ಪಿಲಿ (ಹೊಣೆಗೆ ಮಿತಿ ಇರೋ ಪಾಲುದಾರಿಕೆ) ಸಾಮಾನ್ಯವಾಗಿ ಹೊಣೆ ಹಾಕಿದ ಬಂಡವಾಳದಷ್ಟಕ್ಕೆ ನಿಲ್ತದೆ, ಆದ್ರೆ ವ್ಯಾಪಾರ ನಡೀಲಿ ಬಿಡ್ಲಿ ವರ್ಷಾ ವರ್ಷಾ ಸರ್ಕಾರಕ್ಕೆ ಫಾರ್ಮ್ 11 (ವಾರ್ಷಿಕ ವಿವರ) ಮೇ 30ರೊಳಗೆ, ಫಾರ್ಮ್ 8 (ಲೆಕ್ಕಪತ್ರ) ಅಕ್ಟೋಬರ್ 30ರೊಳಗೆ ಹೋಗ್ಬೇಕು, ತಡಕ್ಕೆ ದಂಡ. ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟಿದ್ರೆ ಆಡಿಟ್. ಸೀಸನ್ನಲ್ಲಿ ಮೂರು ನಾಲ್ಕು ತಿಂಗಳು ನಡೆಯೋ ವ್ಯಾಪಾರಕ್ಕೆ ಇದು ಭಾರ.

ದೊಡ್ಡವ್ರಲ್ಲೂ ಇದೇ ನಡೀತದೆ ಅನ್ನೋಕೆ ಹೀರೋ ಹೋಂಡಾ ನೋಡಿ. 1984ರಲ್ಲಿ ಹೋಂಡಾ ಕೈಲಿ ಇಂಜಿನ್ ತಂತ್ರ, ಹೀರೋ ಕೈಲಿ ಸೈಕಲ್ ಕಾಲದಿಂದ ಬಂದ ತಯಾರಿಕೆ ಮತ್ತೆ ಡೀಲರ್ ಜಾಲ, ಒಬ್ಬರಿಗಿಲ್ಲದ್ದು ಇನ್ನೊಬ್ಬರ ಹತ್ರ. 1999ರಲ್ಲಿ ಹೋಂಡಾ ಇಲ್ಲೇ ಸ್ವಂತ ದ್ವಿಚಕ್ರ ಕಂಪನಿ ಶುರು ಮಾಡ್ತು, ಮುಂದೆ ಎರಡೂ ಒಂದೇ ಗಿರಾಕಿಗೆ ಬೈಕ್ ಮಾರೋ ಹಾಗಾಯ್ತು, 2010ರ ಡಿಸೆಂಬರಲ್ಲಿ ಬೇರೆ ಆಗೋದು ಘೋಷಣೆ ಆಯ್ತು. ಇಪ್ಪತ್ತಾರು ವರ್ಷ ಇಬ್ರೂ ಚೆನ್ನಾಗೇ ದುಡಿದ್ರು, ಅದನ್ನ ಸೋಲು ಅನ್ನೋಕಾಗೋದಿಲ್ಲ. ಆದ್ರೆ ಇವತ್ತು ಪೂರಕ ಆಗಿರೋ ಮಾಲು ನಾಳೆ ಎದುರಾಳಿ ಮಾಲು ಆಗಬಹುದು. ನಿಮ್ಮ ಉಪ್ಪಿನಕಾಯಿ ಪಾರ್ಟ್ನರ್ ನಾಳೆ ಹಪ್ಪಳಾನೂ ಶುರು ಮಾಡಬಹುದು. ಅದನ್ನ ತಡೆಯೋಕೆ "ಬಿಟ್ಟು ಹೋದ ಮೇಲೆ ಐದು ವರ್ಷ ಈ ವ್ಯಾಪಾರ ಮಾಡೋ ಹಾಗಿಲ್ಲ" ಅಂತ ಛಾಪಾ ಕಾಗದದಲ್ಲಿ ಬರ್ಸ್ಕೊಳ್ಳೋರು ಇದ್ದಾರೆ, 1872ರ ಕರಾರು ಕಾಯ್ದೆಯ 27ನೇ ಕಲಮು ಅಂಥ ನಿರ್ಬಂಧಾನ ಸಾಮಾನ್ಯವಾಗಿ ಅನೂರ್ಜಿತ ಅನ್ನುತ್ತೆ; ಒಂದೇ ಫರ್ಮಿನ ಪಾಲುದಾರರ ನಡುವೆ ಮಾತ್ರ, ಅವಧಿಗೋ ಜಾಗಕ್ಕೋ ಮಿತಿ ಹಾಕಿ, ಸಮಂಜಸ ಆಗಿದ್ರೆ, 1932ರ ಕಾಯ್ದೆ ಅದನ್ನ ಒಪ್ತದೆ. ಜೊತೆಲಿ ಇರೋವರೆಗೆ ಬೇರೆಯವ್ರ ಹಪ್ಪಳ ಮಾರ್ಬೇಡಿ ಅಂತ ಹಾಕಬಹುದು. ನಿಜವಾಗಿ ನಿಮ್ಮನ್ನ ಕಾಯೋದು ಗಿರಾಕಿಯ ಫೋನ್ ನಂಬರಿನ ಪಟ್ಟಿ ಯಾರ ಹತ್ರ ಇದೆ ಅನ್ನೋದು, ಅದು ಇಬ್ಬರ ಹತ್ರಾನೂ ಇರೋ ಹಾಗೆ ಮೊದಲ ದಿನವೇ ಮಾಡ್ಕೊಳ್ಳಿ.

ಹಾಗಾದ್ರೆ ಯಾರಿಗೆ ಯಾವ್ದು

ಹೋಂಸ್ಟೇಯವ್ರೇ, ನಿಮ್ಗೆ ಮೊದಲನೇದೇ ಸಾಕು. ಟ್ಯಾಕ್ಸಿ, ಡೈವಿಂಗ್ ಇಬ್ಬರ ನಂಬರೂ ಕೊಡಿ, ಬಿಲ್ ಅವ್ರವ್ರದ್ದೇ ಇರ್ಲಿ. ಗೆಸ್ಟ್ ಬಹಳ ಕೇಳ್ತಾರೆ ಅಂದ್ರೆ ಅಕ್ಟೋಬರ್‌ನಿಂದ ಮೇವರೆಗೆ ಮಾತ್ರ ಪ್ಯಾಕೇಜ್ ಮಾಡಿ, ವಾಪಸಾತಿ ಹಾಳೆ ಜೊತೆಗೆ. ಮಳೆಗಾಲಕ್ಕೆ ಘಟ್ಟದ ಮೇಲಿನ ಒಂದು ಹೋಂಸ್ಟೇ ಜೊತೆ ಗಿರಾಕಿ ಅದಲು ಬದಲು ಮಾಡ್ಕೊಳ್ಳಿ, ಅವ್ರು ಬೇಸಿಗೇಲಿ ನಿಮ್ಗೆ ಕಳ್ಸ್ಲಿ, ಇಬ್ಬರ ಸೀಸನ್ನೂ ಬೇರೆ ಇರೋದ್ರಿಂದ ಇದು ಡೈವಿಂಗ್ ಜೊತೆಗಿಂತ ಹೆಚ್ಚು ಉಪಯೋಗ ಅಂತ ನಂಗನ್ಸ್ತದೆ.

ಯಲ್ಲಾಪುರದ ಅಕ್ಕಂದಿರೇ, ಬಂಡವಾಳ ಕಮ್ಮಿ ಇದ್ರೆ ಬಾಕ್ಸ್ ಕಟ್ಟೋ ಕೆಲಸ ನೀವು ತಗೊಳ್ಬೇಡಿ. ನಿಮ್ಮ ಹಪ್ಪಳ ಉಪ್ಪಿನಕಾಯಿಯವ್ರಿಗೆ ಖರೀದಿಗೇ ಕೊಡಿ, ರೇಟ್ ಸ್ವಲ್ಪ ಕಮ್ಮಿ ಬಂದ್ರೂ ದುಡ್ಡು ಕೈಗೆ ಬರ್ತದೆ, ಸೋರೋ ಬಾಟ್ಲಿ ಚಿಂತೆ ಅವ್ರದ್ದು. ಹಪ್ಪಳದ ಕಟ್ಟಿನ ಮೇಲೆ ಸಂಘದ ಹೆಸ್ರು, ಫೋನ್ ನಂಬರ್ ಮಾತ್ರ ಇರ್ಲೇಬೇಕು ಅಂತ ಹೇಳಿ. ಒಂದು ಬೇಸಿಗೆ ನೋಡಿ, ಮತ್ತೆ ಹಪ್ಪಳ ಬೇಕು ಅಂತ ಸೀದಾ ನಿಮ್ಗೆ ಎಷ್ಟು ಫೋನ್ ಬಂತು ಅನ್ನೋದ್ರ ಮೇಲೆ ಮುಂದಿನದ್ದು.

ಶಿರಸಿಯ ಔಷಧಿ ಅಂಗಡಿಯವ್ರು ಒಂದೇ ಬಿಲ್ಲಿಗೆ ಹೋಗಿ, ಮೊದಲ ವರ್ಷ ಗುರುತಿನ ತೋಟದವ್ರಿಗೆ ಮಾತ್ರ, ಯಾಕಂದ್ರೆ ಮೇ ಕಡೆ ವಾರ ಜೂನ್ ಮೊದಲ ವಾರದಲ್ಲಿ ಎಲ್ರಿಗೂ ಒಟ್ಟಿಗೇ ಬೇಕಾಗ್ತದೆ, ತಂಡ ಸಾಲೋದಿಲ್ಲ. ಎರಡನೇ ಸಲದ ಔಷಧಿಗೆ ತಾರೀಕು ಮೊದಲ ದಿನವೇ ಬರೆದು ಕೊಡಿ.

ಕಾರವಾರದ ಸಿರಪ್‌ನವ್ರಿಗೆ ಮಾಜಾಳಿ ದಾಟಿದ್ರೆ ಬೇರೆ ರಾಜ್ಯ. ಮಾಲು ಮಾರೋರಿಗೆ ಕರ್ನಾಟಕದೊಳಗೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ, ಆದ್ರೆ ತೆರಿಗೆ ಇರೋ ಮಾಲು ಹೊರ ರಾಜ್ಯಕ್ಕೆ ಮಾರ್ಬೇಕಂದ್ರೆ ಮೊದಲ ಬಾಟ್ಲಿಗೇ ನೋಂದಣಿ ಬೇಕು, ಕಂಪೋಸಿಷನ್ ಸ್ಕೀಮಲ್ಲಿ (ಸಣ್ಣವ್ರಿಗಿರೋ ಸರಳ ಜಿಎಸ್‌ಟಿ) ಇರೋರಿಗೂ ಹೊರ ರಾಜ್ಯಕ್ಕೆ ಮಾರೋಕೆ ಬರೋದಿಲ್ಲ. ತಿಂಗಳಿಗೆ ಒಂದು ಎರಡು ಪೆಟ್ಟಿಗೆ ಮಾತ್ರ ಹೋಗೋದಾದ್ರೆ ಜಿಎಸ್‌ಟಿ ರಿಟರ್ನ್ ಹಾಕೋ ಖರ್ಚೂ ಹುಟ್ಟೋದಿಲ್ಲ, ಸದಾಶಿವಗಡ, ಕಾರವಾರ ಬೀಚ್ ಕಡೆಯ ಅಂಗಡಿ ಹೋಟೆಲ್ ಮೊದ್ಲು ಹಿಡೀರಿ, ಗೋವಾಕ್ಕೆ ಹೋಗಿ ಬರೋರು ಹೇಗೂ ಅಲ್ಲೇ ಊಟಕ್ಕೆ ನಿಲ್ತಾರೆ. ಕಾಣಕೋಣದವ್ರು ಖರೀದಿಗೇ ದೊಡ್ಡ ಆರ್ಡರ್ ಕೊಡ್ತೇನೆ ಅಂದ್ರೆ ಆಗ ನೋಂದಣಿ ಮಾಡ್ಸಿ ಕೊಡಿ. ಇಟ್ಟು ಮಾರಿ ನೋಡುವ ಅಂದ್ರೆ ಗಡಿ ಆಚೆಗೆ ಒಪ್ಪಬೇಡಿ, ಈಚೆಗೆ ಆದ್ರೆ ಒಪ್ಪಿ, ಮೇ ಮುಗಿಯೋ ಮೊದ್ಲು ಉಳಿದ ಬಾಟ್ಲಿ ಎಣಿಸಿ ವಾಪಸ್ ತಂದ್ಬಿಡಿ.